1969ರ ಜುಲೈನ ಆ ಹತ್ತು ದಿನ

ಜುಲೈ 20, 2025, ಭಾನುವಾರ

ಬೆಳಿಗ್ಗೆಯಿಂದ ವಾಟ್ಸ್ಆ್ಯಪ್ ತುಂಬಾ ಚಂದ್ರನೇ. ಮನುಷ್ಯ ಚಂದ್ರನ ಮೇಲೆ ಇಳಿದ ದಿನ ಅಂತ ಎಲ್ಲ ಗುಂಪುಗಳಲ್ಲೂ ಅದೇ ಫೋಟೋ. ಒಳ್ಳೆಯದೇ, ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ವಾರ ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು, ಬ್ಯಾಂಕುಗಳ ರಾಷ್ಟ್ರೀಕರಣ, ಅದರ ಕಿಡಿ ಹತ್ತಿದ್ದು ಬೆಂಗಳೂರಿನಲ್ಲಿ. ಅದರ ಬಗ್ಗೆ ಒಬ್ಬರೂ ಒಂದು ಸಾಲು ಹಾಕಿಲ್ಲ. ಹೊರಗೆ ಆಟಿ ಮಳೆ ಬಿಡುವ ಹಾಗೆ ಕಾಣುತ್ತಿಲ್ಲ, ಕೂತು ಬರೆದೇಬಿಡೋಣ ಅನ್ನಿಸಿತು.

1969ರ ಜುಲೈ ಎರಡನೇ ವಾರ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. 1956ರಲ್ಲಿ ರಾಜ್ಯ ಒಂದಾದಾಗ ಮುಖ್ಯಮಂತ್ರಿ ಆಗಿದ್ದವರು. ಇಂದಿರಾ ಗಾಂಧಿ ಪ್ರಧಾನಿ. ಇಬ್ಬರಿಗೂ ಒಳಗೊಳಗೇ ಸರಿ ಇರಲಿಲ್ಲ. ಇಂದಿರಾ ಫಕ್ರುದ್ದೀನ್ ಅಲಿ ಅಹ್ಮದ್ ಅವರ ಕೈಯಲ್ಲಿ ಒಂದು ಟಿಪ್ಪಣಿ ಕಳಿಸಿದರು. ಆತುರದಲ್ಲಿ ಬರೆದ ಒಂದಷ್ಟು ಬಿಡಿ ಯೋಚನೆಗಳು ಅನ್ನೋ ಹಾಗೆ. ಬ್ಯಾಂಕುಗಳನ್ನು ಸರ್ಕಾರ ತೆಗೆದುಕೊಳ್ಳುವ ಮಾತು ಅದರಲ್ಲಿತ್ತು.

ಜುಲೈ 12ರಂದು ಇದೇ ಬೆಂಗಳೂರಿನಲ್ಲಿ ಪಕ್ಷದ ಸಂಸದೀಯ ಮಂಡಳಿ ಕೂತಿತು. ಮೇ 3ರಂದು ಝಾಕಿರ್ ಹುಸೇನ್ ತೀರಿಕೊಂಡಿದ್ದರು, ಹೊಸ ರಾಷ್ಟ್ರಪತಿ ಬೇಕಿತ್ತು. ಇಂದಿರಾ ಜಗಜೀವನ್ ರಾಮ್ ಹೆಸರು ಹೇಳಿದರು. ಮಂಡಳಿಯ ಬಹುಮತ ಹೋಗಿದ್ದು ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಕಡೆಗೆ. ಪ್ರಧಾನಿಯ ಮಾತು ಬಿದ್ದುಹೋಯಿತು, ಅದೂ ಎಲ್ಲರ ಎದುರಿಗೇ. ಅವರು ಸುಮ್ಮನೆ ದೆಹಲಿಗೆ ವಾಪಸಾದರು. ಅಲ್ಲಿಂದ ಮುಂದೆ ಎಲ್ಲವೂ ಒಂದರ ಹಿಂದೆ ಒಂದು.

ಜುಲೈ 16. ನಮ್ಮ ಗಡಿಯಾರದಲ್ಲಿ ಸಂಜೆ 7 ದಾಟಿ ಎರಡು ನಿಮಿಷಕ್ಕೆ ಫ್ಲಾರಿಡಾದಿಂದ ಅಪೊಲೊ 11 ಮೇಲೆದ್ದಿತು. ಅದೇ ದಿನ ದೆಹಲಿಯಲ್ಲಿ ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ಹೋಯಿತು. ಬ್ಯಾಂಕು ರಾಷ್ಟ್ರೀಕರಣಕ್ಕೆ ಅವರು ಒಪ್ಪುವವರಲ್ಲ, ಹಾಗಾಗಿ ಮೊದಲು ಅವರನ್ನು ಪಕ್ಕಕ್ಕೆ ಸರಿಸಿದರು. ಇಂದಿರಾ ಆ ಖಾತೆಯನ್ನು ತಾವೇ ಇಟ್ಟುಕೊಂಡರು.

ಇಲ್ಲಿಂದ ಮುಂದೆ ಸಮಯದ ಲೆಕ್ಕ ನೋಡಿ, ನನಗೆ ಇದೇ ತುಂಬಾ ಕುತೂಹಲ. ಸಂಸತ್ತು ಸೇರಬೇಕಿದ್ದದ್ದು 21ಕ್ಕೆ. ಅದು ಸೇರಿದ ಮೇಲೆ ಸುಗ್ರೀವಾಜ್ಞೆ (ಸಂಸತ್ತು ನಡೆಯದಿರುವಾಗ ರಾಷ್ಟ್ರಪತಿಯ ಸಹಿಯಿಂದಲೇ ಬರುವ ಕಾನೂನು) ಹೊರಡಿಸಲು ಆಗುವುದಿಲ್ಲ. ಹಂಗಾಮಿ ರಾಷ್ಟ್ರಪತಿ ಆಗಿದ್ದವರು ವಿ.ವಿ. ಗಿರಿ (ಸ್ವಲ್ಪ ಮೊದಲು, 1967ರವರೆಗೆ, ಇವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು). ಅವರು ಆಗಲೇ ಪಕ್ಷೇತರರಾಗಿ ರಾಷ್ಟ್ರಪತಿ ಚುನಾವಣೆಗೆ ನಿಲ್ಲುತ್ತೇನೆ ಅಂದಿದ್ದರು, 20ಕ್ಕೆ ರಾಜೀನಾಮೆ ಕೊಡುವವರಿದ್ದರು. ಅಂದರೆ ಸಹಿ ಬೀಳಬೇಕಿದ್ದರೆ 19ರ ಶನಿವಾರವೇ ಬೀಳಬೇಕು. ಬ್ಯಾಂಕು, ಹಣಕಾಸು ಇಲಾಖೆಯ ಒಳಹೊರಗು ಗೊತ್ತಿದ್ದ ಬೆರಳೆಣಿಕೆಯ ಅಧಿಕಾರಿಗಳು ನಿದ್ದೆಗೆಟ್ಟು ಕರಡು ಬರೆದರು. ಪ್ರಧಾನಿಯ ಕಾರ್ಯದರ್ಶಿ ಪಿ.ಎನ್. ಹಕ್ಸರ್ ಇದರ ಹಿಂದಿನ ತಲೆ. ಶನಿವಾರ ಗಿರಿ ಸಹಿ ಹಾಕಿದರು, ರಾತ್ರಿ ಇಂದಿರಾ ರೇಡಿಯೋದಲ್ಲಿ ದೇಶಕ್ಕೆ ಹೇಳಿದರು. 50 ಕೋಟಿಗಿಂತ ಜಾಸ್ತಿ ಠೇವಣಿ ಇದ್ದ 14 ಬ್ಯಾಂಕುಗಳು ಸರ್ಕಾರದ್ದಾದವು. ದೇಶದ ಬ್ಯಾಂಕ್ ಠೇವಣಿಯಲ್ಲಿ ನೂರಕ್ಕೆ 85ರಷ್ಟು ಹಣ ಅವುಗಳಲ್ಲೇ ಇತ್ತು.

ಆ 14ರಲ್ಲಿ ಎರಡು ನಮ್ಮ ಕರಾವಳಿಯವು. 1906ರ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರು ಮಾಡಿದ ಕೆನರಾ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕ್. ಇದು ಹುಟ್ಟಿದ್ದು ಕೈಮಗ್ಗದ ಕೆಲಸ ಬಿದ್ದುಹೋಗಿ ಕಷ್ಟದಲ್ಲಿದ್ದ ನೇಕಾರರಿಗೆ ಕೈಸಾಲ ಕೊಡೋಕೆ. ಸುಮ್ನೆ ಯೋಚನೆ ಮಾಡಿ, ಬಡವರಿಗೆ ಬ್ಯಾಂಕಿನ ಬಾಗಿಲು ತೆರೆಯಬೇಕು ಅಂತ ದೆಹಲಿ ಹೇಳಿದ್ದು 1969ರಲ್ಲಿ. ಉಡುಪಿಯವರು 1928ರಲ್ಲೇ ಬ್ಯಾಂಕನ್ನು ಬಡವರ ಬಾಗಿಲಿಗೆ ಕಳಿಸಿದ್ದರು. ಪಿಗ್ಮಿ ಠೇವಣಿ ಅಂದರೆ ಅದೇ ಅಲ್ವಾ? ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟ್ ತಾನೇ ಬಂದು ತೆಗೆದುಕೊಂಡು ಹೋಗುತ್ತಿದ್ದ.

ಮಧ್ಯಾಹ್ನ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಆಗ ಅವರು ಅಜ್ಜನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗ.

"ದೊಡ್ಡಪ್ಪ, ಬ್ಯಾಂಕ್ ಸರ್ಕಾರದ್ದಾದಾಗ ಅಂಗಡಿಯಲ್ಲಿ ಏನು ಮಾತಾಡಿದ್ರಿ?"

"ಮಾತೆಂತದ್ದು ಮಾರಾಯ, ಅಪ್ಪನಿಗೆ ಇದ್ದದ್ದು ಒಂದೇ ಚಿಂತೆ. ನಾಳೆಯಿಂದ ಪಿಗ್ಮಿಯವ ಬರ್ತಾನೋ ಇಲ್ವೋ ಅಂತ. ಅವ ಬಂದ."

ಆ ಪಿಗ್ಮಿಯವರ ಬಗ್ಗೆ ಕೇಳಿದರೆ ದೊಡ್ಡಪ್ಪನಿಗೆ ಎಲ್ಲ ನೆನಪಿದೆ. ಸಂಜೆ ಗಿರಾಕಿಗಳ ಗಲಾಟೆ ಕಮ್ಮಿಯಾಗುವ ಹೊತ್ತು ನೋಡಿಯೇ ಬರುತ್ತಿದ್ದರಂತೆ. ಕೊಡೆ ಮಡಚಿ ಹೊರಗೆ ಒರಗಿಸುವುದು, ಅಂಗಿಯ ಒಳಗಿನಿಂದ ಒದ್ದೆಯಾಗದ ಹಾಗೆ ಇಟ್ಟುಕೊಂಡ ಪುಸ್ತಕ ತೆಗೆಯುವುದು, ಗಲ್ಲಾದ ಚಿಲ್ಲರೆ ಎಣಿಸಿ ಅಜ್ಜನ ಕಾರ್ಡಿನಲ್ಲಿ ಬರೆದು ಸಹಿ ಹಾಕುವುದು. ವ್ಯಾಪಾರ ಇಲ್ಲದ ದಿನ ಅಜ್ಜ ಕಡಿಮೆ ಕೊಟ್ಟರೂ ಒಂದು ಮಾತು ಆಡುತ್ತಿರಲಿಲ್ಲವಂತೆ. ದೊಡ್ಡ ಅತ್ತೆಯ ಮದುವೆಯ ಸೀರೆ ಬಂದದ್ದು ಆ ದುಡ್ಡಿನಲ್ಲೇ.

ಮತ್ತೆ 1969ಕ್ಕೆ ಬರೋಣ. ಸೋಮವಾರ, ನಮ್ಮ ಗಡಿಯಾರದಲ್ಲಿ ಜುಲೈ 21 (ಅಮೆರಿಕದಲ್ಲಿ ಆಗ ಇನ್ನೂ 20). ಬೆಳಗಿನ ಜಾವ ಎರಡು ಗಂಟೆಗೆ ಸ್ವಲ್ಪ ಮೊದಲು ಈಗಲ್ ಚಂದ್ರನ ಮೇಲೆ ಇಳಿಯಿತು. ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟರು. ಆಗ ದೇಶದಲ್ಲಿ ಟಿ.ವಿ. ಇದ್ದದ್ದು ದೆಹಲಿಯಲ್ಲಿ ಮಾತ್ರ, ಉಳಿದವರಿಗೆಲ್ಲ ರೇಡಿಯೋವೇ ಗತಿ. ಅದೇ ದಿನ ಸಂಸತ್ತೂ ಸೇರಿತು. ಚಂದ್ರನ ಸುದ್ದಿ, ಬ್ಯಾಂಕಿನ ಸುದ್ದಿ, ಗಿರಿ ರಾಜೀನಾಮೆಯ ಸುದ್ದಿ, ಎಲ್ಲ ಒಟ್ಟೊಟ್ಟಿಗೇ.

ಈಗ ನನ್ನ ಮಾತು. ರಾಷ್ಟ್ರೀಕರಣ ಪಕ್ಷದೊಳಗಿನ ಜಗಳದಲ್ಲಿ ಬೀಸಿದ ಕತ್ತಿ, ಇದರಲ್ಲಿ ನನಗೆ ಅನುಮಾನ ಇಲ್ಲ. ದಿನಾಂಕಗಳೇ ಸಾಕ್ಷಿ. ಆದರೆ ಜಗಳದಿಂದ ಹುಟ್ಟಿತು ಅಂತ ಅದರಿಂದ ಆದ ಒಳ್ಳೆಯದನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ಅದಕ್ಕೆ ಮೊದಲು ಬ್ಯಾಂಕುಗಳು ಕೊಡುತ್ತಿದ್ದ ಸಾಲದಲ್ಲಿ ಬೇಸಾಯಕ್ಕೆ ಹೋಗುತ್ತಿದ್ದದ್ದು ನೂರಕ್ಕೆ ಸುಮಾರು 2 ರೂಪಾಯಿ. ಇಡೀ ದೇಶದಲ್ಲಿ ಇದ್ದ ಶಾಖೆಗಳು 8 ಸಾವಿರ ಚಿಲ್ಲರೆ, 1990ರ ಹೊತ್ತಿಗೆ 60 ಸಾವಿರದ ಹತ್ತಿರ ಬಂದವು. ಬ್ಯಾಂಕೇ ಕಾಣದ ಎಷ್ಟೋ ಊರುಗಳಲ್ಲಿ ಶಾಖೆ ತೆರೆಯಿತು, ಹಳ್ಳಿಯವರ ಕೈಗೆ ಪಾಸ್‌ಬುಕ್ ಬಂತು. ಆಮೇಲೆ ಸಾಲ ಮೇಳ, ವಸೂಲಾಗದ ಸಾಲ, ರಾಜಕಾರಣಿಗಳ ಕೈವಾಡ ಎಲ್ಲ ಬಂತು, ಅದೂ ನಿಜ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಈ ಕಥೆ ಹೇಳುವಾಗ ಖಾಸಗಿ ಬ್ಯಾಂಕು ಅಂದರೆ ಬರೀ ಬಾಂಬೆ, ಕಲ್ಕತ್ತಾದ ಸೇಠುಗಳದ್ದು ಅನ್ನುವ ಹಾಗೆ ಹೇಳುತ್ತಾರೆ. ಉಡುಪಿ, ಮಂಗಳೂರಿನ ಬ್ಯಾಂಕುಗಳನ್ನೂ ಅದೇ ತಕ್ಕಡಿಗೆ ಹಾಕಿಬಿಟ್ಟರು. 1980ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್, ವಿಜಯಾ ಬ್ಯಾಂಕ್ ಕೂಡ ಸರ್ಕಾರಕ್ಕೆ ಹೋದವು. ಈಗ ಈ ನಾಲ್ಕರಲ್ಲಿ ಹೆಸರು ಉಳಿದಿರುವುದು ಕೆನರಾ ಒಂದಕ್ಕೆ, ಸಿಂಡಿಕೇಟ್ 2020ರ ಏಪ್ರಿಲ್ 1ಕ್ಕೆ ಅದರಲ್ಲೇ ಸೇರಿಹೋಯಿತು.

ಮುಂದೆ ನಡೆದದ್ದು ಬೇಗ ಹೇಳುತ್ತೇನೆ. ಆಗಸ್ಟ್‌ನಲ್ಲಿ ಇಂದಿರಾ ಬೆಂಬಲದಿಂದ ಗಿರಿ ಪಕ್ಷದ ಅಭ್ಯರ್ಥಿ ರೆಡ್ಡಿಯ ಎದುರು ಗೆದ್ದರು, ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಅದೊಂದೇ. ನವೆಂಬರ್‌ನಲ್ಲಿ ನಿಜಲಿಂಗಪ್ಪನವರ ಕಡೆಯವರು ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡು ಹೋಳಾಯಿತು. 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಕರಣದ ಕಾನೂನನ್ನೇ ಹೊಡೆದುಹಾಕಿತು, ನಾಲ್ಕೇ ದಿನದಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಕ್ಷಕ್ಕೆ. ನಿಜಲಿಂಗಪ್ಪನವರ ಕಡೆಗೆ, ಅವರದೇ ರಾಜ್ಯದಲ್ಲಿ, ಒಂದೂ ಇಲ್ಲ. ಮರುವರ್ಷ ದೇವರಾಜ ಅರಸು ಮುಖ್ಯಮಂತ್ರಿ ಆದರು. ಅದನ್ನು ಬರೆಯೋಕೆ ಇನ್ನೊಂದು ಭಾನುವಾರವೇ ಬೇಕು.