ಬುಟ್ಟಿಯನ್ನು ಹಿಂದಿರುಗಿಸಿದವರು ಯಾರು?

ಸಿಂಗಪುರದ ಒಂದು ಟ್ಯೂಷನ್ ಕೇಂದ್ರದಲ್ಲಿ ನಾನು ಒಂಬತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ನನ್ನ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಚೀನಾದಿಂದ ಬಂದು ಇಲ್ಲಿನ ಪ್ರೌಢಶಾಲೆಗಳಿಗೆ ಸೇರಿರುವ, ಹದಿನಾಲ್ಕರಿಂದ ಹದಿನೇಳು ವರ್ಷದ ಮಕ್ಕಳು. ಇಲ್ಲಿನ ಶಾಲೆಗಳೆಲ್ಲ 1987ರ ಹೊತ್ತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದಿದ್ದರಿಂದ ಸಿಂಗಪುರದಲ್ಲೇ ಬೆಳೆದ ಚೀನೀ ಮನೆತನದ ಮಕ್ಕಳಿಗೆ ಇಂಗ್ಲಿಷ್ ಚಿಕ್ಕಂದಿನಿಂದ ಕಿವಿಗೆ ಬಿದ್ದ ಭಾಷೆ. ಹೊಸದಾಗಿ ಬಂದವರು ಮಾತ್ರ ಅವರ ಪಕ್ಕದಲ್ಲೇ ಕುಳಿತು, ಅದುವರೆಗೆ ಒಂದು ವಿಷಯವಾಗಿಯಷ್ಟೇ ಕಲಿತಿದ್ದ ಭಾಷೆಯಲ್ಲಿ ವಿಜ್ಞಾನವನ್ನೂ ಇತಿಹಾಸವನ್ನೂ ಓದಬೇಕಾಗುತ್ತದೆ. ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಂದ ನನಗೆ ಆ ಮಕ್ಕಳ ಮುಖದಲ್ಲಿ ಕಾಣುವ ಅಂಜಿಕೆ ಹೊಸದೇನಲ್ಲ. ಆದರೂ ಅವರಿಗೆ ತೊಡಕಾಗುವುದು ಎಲ್ಲಿ ಎಂಬುದನ್ನು ತಿಳಿಯಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು.

ಆಗ ನನ್ನ ತರಗತಿಯಲ್ಲಿ ಉತ್ತರ ಚೀನಾದಿಂದ ಬಂದಿದ್ದ ಒಬ್ಬ ಹುಡುಗನಿದ್ದ. ವ್ಯಾಕರಣದ ಹಾಳೆಯಲ್ಲಿ ಹತ್ತು ಖಾಲಿ ಜಾಗ ಕೊಟ್ಟರೆ ಹತ್ತನ್ನೂ ಸರಿಯಾಗಿ ತುಂಬುತ್ತಿದ್ದ. ಊರಿನಿಂದ ಅವನ ತಾಯಿ ಕಳುಹಿಸಿದ್ದ ಅಭ್ಯಾಸ ಪುಸ್ತಕಗಳು ಅವನ ಚೀಲದಲ್ಲಿ ಸದಾ ಇರುತ್ತಿದ್ದವು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ಗೆಂದು ಸಿದ್ಧಪಡಿಸಿದ ಪುಸ್ತಕಗಳವು. ಆ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕಗಳಿವೆ. ಹಲವು ಪ್ರಾಂತ್ಯಗಳಲ್ಲಿ ಈಗ ಬಳಕೆಯಲ್ಲಿರುವ ಮಾದರಿಯಂತೆ ಅದರಲ್ಲಿ 50 ಅಂಕ ಓದಿಗೆ ಮೀಸಲು: ಗದ್ಯಭಾಗಗಳ ಮೇಲೆ ಆಯ್ಕೆಯ ಪ್ರಶ್ನೆಗಳು 15, ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಬಿಟ್ಟ ಸ್ಥಳಗಳಲ್ಲಿ ಕೂರಿಸುವ ಪ್ರಶ್ನೆಗಳು 5. ವ್ಯಾಕರಣದ ಹತ್ತು ಖಾಲಿ ಜಾಗಗಳಿಗೆ ಬೇರೆಯಾಗಿ 15 ಅಂಕ. ಈ ಬಗೆಯ ಪರೀಕ್ಷೆಗೆ ವರ್ಷಗಟ್ಟಲೆ ತಯಾರಾಗುವ ಮಕ್ಕಳಲ್ಲಿರುವ ಶ್ರದ್ಧೆಯನ್ನು ಕಂಡು ನನಗೆ ಇಂದಿಗೂ ಗೌರವವಿದೆ.

ಒಂದು ದಿನ ನಾನೇ ಬರೆದ ಒಂದು ಪುಟದ ಕಥೆಯನ್ನು ಓದಲು ಕೊಟ್ಟೆ. ಅದರಲ್ಲಿ 'ದ ಬಾಯ್ ಹೂಮ್ ದಿ ಓಲ್ಡ್ ವುಮನ್ ಹ್ಯಾಡ್ ಸ್ಕೋಲ್ಡೆಡ್ ರಿಟರ್ನ್ಡ್ ದ ಬಾಸ್ಕೆಟ್' ಎಂಬ ವಾಕ್ಯವಿತ್ತು. 'ಹೂಮ್' ಇರುವಲ್ಲಿ ಜಾಗ ಖಾಲಿ ಬಿಟ್ಟಿದ್ದೆ. ಅವನು ಅದನ್ನು ಸರಿಯಾಗಿ ತುಂಬಿದ. ಕೆಳಗಡೆ, ಬುಟ್ಟಿಯನ್ನು ಹಿಂದಿರುಗಿಸಿದವರು ಯಾರು ಎಂಬ ಪ್ರಶ್ನೆಗೆ 'ಹುಡುಗ' ಎನ್ನುವ ಬದಲು 'ಮುದುಕಿ' ಎಂದು ಬರೆದ. ಆ ದಿನ ತರಗತಿಯಲ್ಲಿದ್ದ ಎಂಟು ಮಕ್ಕಳಲ್ಲಿ ಐವರ ಉತ್ತರ ಇದೇ ಆಗಿತ್ತು.

ಹಿಂದೆಯೂ ಇಂಥ ತಪ್ಪು ಉತ್ತರಗಳು ಬಂದಿದ್ದವು. ಆಗೆಲ್ಲ ನಾನು ಪದಸಂಪತ್ತು ಸಾಲದೆಂದು ತಿಳಿದು ಪದಗಳ ಪಟ್ಟಿ ಕೊಡುತ್ತಿದ್ದೆ, ಇಲ್ಲವೇ ವ್ಯಾಕರಣದ ಹಾಳೆಗಳನ್ನು ಹೆಚ್ಚಿಸುತ್ತಿದ್ದೆ. ಆದರೆ ಈ ವಾಕ್ಯದಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಪದವೂ ಇರಲಿಲ್ಲ. ವ್ಯಾಕರಣದ ಉತ್ತರವೂ ಸರಿಯಾಗಿತ್ತು. ನಿಜವಾಗಿ ನಡೆಯುತ್ತಿದ್ದುದೇನೆಂದರೆ, ಹಿಂದೆ ವ್ಯಕ್ತಿಯನ್ನು ಹೇಳುವ ನಾಮಪದವಿದ್ದು, ಮುಂದಿನ ಕ್ರಿಯಾಪದಕ್ಕೆ ಕರ್ಮವಿಲ್ಲದಿದ್ದರೆ 'ಹೂಮ್' ಎಂಬ ಸೂತ್ರವನ್ನು ಬಳಸಿ, ವಾಕ್ಯದ ಅರ್ಥವನ್ನು ಮುಟ್ಟದೆಯೇ ಅವರು ಜಾಗ ತುಂಬುತ್ತಿದ್ದರು. ಆಮೇಲೆ ಓದುವಾಗ 'ರಿಟರ್ನ್ಡ್' ಎಂಬ ಕ್ರಿಯಾಪದಕ್ಕೆ ಹತ್ತಿರದಲ್ಲಿ ಕಂಡ ಹೆಂಗಸನ್ನು ಕರ್ತೃವೆಂದು ಹಿಡಿಯುತ್ತಿದ್ದರು.

ಅಂದು ಏನೂ ತೋಚದೆ, ಆ ವಾಕ್ಯವನ್ನು ಚೀನೀ ಭಾಷೆಯಲ್ಲಿ ಪಕ್ಕದವಳಿಗೆ ಹೇಳು ಎಂದು ಆ ಹುಡುಗನಿಗೆ ಹೇಳಿದೆ. ಇಂಗ್ಲಿಷ್ ತರಗತಿಯಲ್ಲಿ ಚೀನೀ ಮಾತು ಕೂಡದು ಎಂಬುದು ಅದುವರೆಗೆ ನನ್ನದೇ ನಿಯಮವಾಗಿತ್ತು. ಅವನು ಹೇಳಿದ್ದನ್ನು ಆ ಹುಡುಗಿ ಒಪ್ಪಲಿಲ್ಲ. ಇಬ್ಬರೂ ಬಹಳ ಹೊತ್ತು ವಾದಿಸಿದರು. ನನಗೂ ತಿಳಿಯಲೆಂದು ಅವಳು ತನ್ನ ಚೀನೀ ವಾಕ್ಯವನ್ನು ಬರೆದು, ಪ್ರತಿಯೊಂದು ಪದದ ಕೆಳಗೆ ಅದರ ಇಂಗ್ಲಿಷ್ ಅರ್ಥವನ್ನು ಬರೆದುಕೊಟ್ಟಳು. ಆ ಪದಗಳನ್ನು ಅದೇ ಕ್ರಮದಲ್ಲಿ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ಮುದುಕಿ ಬೈದ ಆ ಹುಡುಗ ಬುಟ್ಟಿಯನ್ನು ಹಿಂದಿರುಗಿಸಿದ.'

ನಾನು ಆ ಕಾಗದವನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಹುಡುಗ ಎಂಥವನೆಂಬ ವಿವರವೆಲ್ಲ ಹುಡುಗನಿಗಿಂತ ಮೊದಲೇ ಬರುವುದು ನನ್ನ ಭಾಷೆಯ ಕ್ರಮವೂ ಹೌದು. ನಮ್ಮಲ್ಲಿ 'ಬೈದ' ಎಂಬ ಕೃದಂತ ಮಾಡುವ ಕೆಲಸವನ್ನು ಅವರಲ್ಲಿ ಕ್ರಿಯಾಪದದ ನಂತರ ಬರುವ 'ದ' ಎಂಬ ಪುಟ್ಟ ಅಕ್ಷರ ಮಾಡುತ್ತದೆ. ಧ್ವನಿಯಲ್ಲಿನ ಹೋಲಿಕೆ ಆಕಸ್ಮಿಕ, ಎರಡು ಭಾಷೆಗಳಿಗೂ ಕುಲದ ನಂಟಿಲ್ಲ. ಆದರೆ ಕ್ರಮದ ಹೋಲಿಕೆ ನಿಜವಾದದ್ದು. ಇಂಗ್ಲಿಷ್ ಮೊದಲು ಹುಡುಗನನ್ನು ಹೆಸರಿಸಿ, ಅವನ ವಿವರವನ್ನು ನಡುವೆ ಇಟ್ಟು, ಅವನು ಮಾಡಿದ್ದನ್ನು ಕೊನೆಗೆ ಹೇಳುತ್ತದೆ. ವಿವರ ಮುಗಿಯುವ ಹೊತ್ತಿಗೆ ನಮ್ಮಂಥ ಓದುಗರಿಗೆ ಹುಡುಗ ಮರೆತುಹೋಗಿರುತ್ತಾನೆ. ಪಿಯುಸಿಯಲ್ಲಿ ಜೀವಶಾಸ್ತ್ರದ ಪುಸ್ತಕದ ಒಂದೊಂದು ವಾಕ್ಯವನ್ನೂ ನಾಲ್ಕೈದು ಸಲ ಓದುತ್ತಿದ್ದ ನನಗೆ ಆಗಿದ್ದೂ ಇದೇ. ಅದನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ನಾನೂ ಈ ಮಕ್ಕಳಿಗೆ ಹೇಳಿರಲಿಲ್ಲ.

ಅಲ್ಲಿಂದ ನನ್ನ ಪಾಠದ ವಿಧಾನ ಬದಲಾಯಿತು. ವ್ಯಾಕರಣಕ್ಕೆ ಒಂದು ದಿನ, ಓದಿಗೆ ಒಂದು ದಿನ ಎಂಬ ವಿಭಾಗವನ್ನು ತೆಗೆದುಹಾಕಿದೆ. ಈಗ ಖಾಲಿ ಜಾಗವಿರುವ ವಾಕ್ಯವನ್ನು ಕೊಟ್ಟರೆ, ಮೊದಲು ಮಕ್ಕಳು ವಾಕ್ಯದ ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ ಎಳೆಯಬೇಕು, ಆ ಕೆಲಸ ಮಾಡಿದವರಿಗೆ ಒಂದು ಗೆರೆ ಎಳೆಯಬೇಕು, ನಡುವಿನ ವಿವರವನ್ನು ಪೆನ್ಸಿಲ್ಲಿನಿಂದ ಚೌಕದೊಳಗೆ ಹಾಕಬೇಕು. ಚೌಕವನ್ನು ಬೆರಳಿನಿಂದ ಮುಚ್ಚಿದರೆ 'ಹುಡುಗ ಬುಟ್ಟಿಯನ್ನು ಹಿಂದಿರುಗಿಸಿದ' ಎಂಬಷ್ಟು ಉಳಿಯುತ್ತದೆ. ನಂತರ ಬೆರಳನ್ನು ತೆಗೆದು, ಇಡೀ ವಾಕ್ಯವನ್ನು ತಮ್ಮ ಭಾಷೆಯಲ್ಲಿ ಹೇಳಬೇಕು. ಖಾಲಿ ಜಾಗ ತುಂಬುವುದು ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಸಮಯ ಬಹಳ ಬೇಕು. ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಹತ್ತು ವಾಕ್ಯಗಳ ಬದಲು ಈಗ ಒಂದು ಗಂಟೆಗೆ ನಾಲ್ಕೋ ಐದೋ ವಾಕ್ಯಗಳಾಗುತ್ತವೆ. ಪುಸ್ತಕದ ಪುಟಗಳು ಮುಂದೆ ಹೋಗುತ್ತಿಲ್ಲವೆಂದು ಕೆಲವು ಪೋಷಕರು ಆತಂಕಪಟ್ಟರು. ಒಬ್ಬರು ತಮ್ಮ ಮಗಳನ್ನು ಬಿಡಿಸಿಕೊಂಡೂ ಹೋದರು. ಆ ಹುಡುಗಿಗೆ ಇನ್ನೆರಡು ತಿಂಗಳು ಸಿಕ್ಕಿದ್ದರೆ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಎಲ್ಲ ವಿಷಯದಲ್ಲೂ ಕನ್ನಡ ನನಗೆ ದಾರಿ ತೋರಿಸಲಿಲ್ಲ. ಕಾಲದ ವಿಷಯ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಬೈಯುತ್ತಾಳೆ, ಬೈದಳು, ಬೈದಿದ್ದಳು ಎಂದು ಕ್ರಿಯಾಪದವೇ ರೂಪ ಬದಲಿಸುತ್ತದೆ. ಚೀನೀ ಕ್ರಿಯಾಪದ ಹಾಗೆ ಬದಲಾಗುವುದಿಲ್ಲ. ನಿನ್ನೆ, ನಾಳೆ ಎಂಬಂಥ ಪದಗಳೂ ಸಂದರ್ಭವೂ ಕಾಲವನ್ನು ತಿಳಿಸುತ್ತವೆ. ಕ್ರಿಯಾಪದದ ನಂತರ ಬರುವ 'ಲ' ಎಂಬ ಅಕ್ಷರ ಕೆಲಸ ಮುಗಿದದ್ದನ್ನು ಸೂಚಿಸುತ್ತದೆಯೇ ಹೊರತು ಅದು ನಮ್ಮ ಭೂತಕಾಲವಲ್ಲ. ಹಾಗಾಗಿ ಓದುವಾಗ 'ಹ್ಯಾಡ್' ಎಂಬ ಪದದ ಮೇಲೆ ಅವರ ಕಣ್ಣು ನಿಲ್ಲುವುದೇ ಇಲ್ಲ. ಕಥೆಯಲ್ಲಿ ಯಾವುದನ್ನು ಮೊದಲು ಹೇಳಿದೆಯೋ ಅದೇ ಮೊದಲು ನಡೆದದ್ದು ಎಂದು ತಿಳಿಯುತ್ತಾರೆ. ಇದಕ್ಕೆ ನಾನು ಹಲಗೆಯ ಮೇಲೆ ಒಂದು ಗೆರೆ ಎಳೆದು, ಘಟನೆಗಳನ್ನು ಬರೆದ ಚೀಟಿಗಳನ್ನು ಅದರ ಮೇಲೆ ಸರಿಯಾದ ಸ್ಥಳದಲ್ಲಿ ಅಂಟಿಸಲು ಹೇಳುತ್ತೇನೆ.

'ಆಲ್ದೋ' ಎಂದು ಆರಂಭಿಸಿದ ವಾಕ್ಯದ ನಡುವೆ 'ಬಟ್' ಸೇರಿಸುವುದು ಇನ್ನೊಂದು ತಪ್ಪು. ಇಲ್ಲಿ ಪ್ರೌಢಶಾಲೆಯ ಕೊನೆಯಲ್ಲಿ ಬರೆಯುವ ಓ ಲೆವೆಲ್ ಪರೀಕ್ಷೆಯಲ್ಲಿ ಹನ್ನೆರಡು ಸಾಲುಗಳ ಗದ್ಯದಲ್ಲಿ ತಪ್ಪುಗಳನ್ನು ಹುಡುಕಿ ತಿದ್ದುವ ಹತ್ತು ಅಂಕದ ಭಾಗವೊಂದಿದೆ. ಅಭ್ಯಾಸಕ್ಕೆಂದು ಅಂಥ ಗದ್ಯದಲ್ಲಿ ನಾನು ಈ 'ಬಟ್' ಅನ್ನು ಸೇರಿಸಿದರೆ ಅದು ಅವರ ಕಣ್ಣಿಗೆ ತಪ್ಪಾಗಿ ಕಾಣುವುದೇ ಇಲ್ಲ. ಚೀನೀ ಭಾಷೆಯಲ್ಲಿ 'ಆಲ್ದೋ' ಎಂಬರ್ಥದ 'ಸುಯ್‌ರಾನ್' ಬಂದರೆ ಜೊತೆಗೆ 'ಬಟ್' ಎಂಬರ್ಥದ 'ದಾನ್‌ಷಿ' ಬರುವುದೇ ಸಹಜ. ಇಂಗ್ಲಿಷಿನಲ್ಲಿ ಒಂದೇ ಸಾಕು ಎಂದು ಒಮ್ಮೆ ತಿಳಿಸಿದರೆ ಇದು ಬೇಗ ಸರಿಹೋಗುತ್ತದೆ.

ಮಕ್ಕಳ ಮಾತನ್ನು ತಪ್ಪಾಗಿ ತಿಳಿಯುವುದು ಎಷ್ಟು ಸುಲಭ ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳಲೇಬೇಕು. ಇನ್ನೂ ಬರೆದು ಮುಗಿಸಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದಾಗ ಹುಡುಗಿಯೊಬ್ಬಳು 'ಯೆಸ್' ಎಂದಳು. ಪುಸ್ತಕ ತೆರೆದರೆ ಅರ್ಧವೂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ಆ 'ಯೆಸ್' ಎಂದರೆ ಮುಗಿಸಿದ್ದೇನೆ ಎಂದರ್ಥವಾದ್ದರಿಂದ, ಅವಳು ಸುಳ್ಳು ಹೇಳಿದಳೆಂದು ಅವರು ಬೇಸರಪಟ್ಟುಕೊಂಡರು. 'ಇನ್ನೂ ಮುಗಿಸಿಲ್ಲವಾ?' ಎಂದರೆ 'ಹೌದು, ಮುಗಿಸಿಲ್ಲ' ಎನ್ನುವ ನಾವು ಆ ಉತ್ತರದಲ್ಲಿ ಸುಳ್ಳನ್ನು ಕಾಣುವುದಿಲ್ಲ. ಚೀನೀ ಭಾಷೆಯಲ್ಲೂ ಹಾಗೆಯೇ ಉತ್ತರಿಸುತ್ತಾರೆ. ಕಣ್ಣಲ್ಲಿ ನೀರು ತುಂಬಿ ನಿಂತಿದ್ದ ಆ ಹುಡುಗಿಯ ಪರವಾಗಿ ಅದನ್ನು ವಿವರಿಸಲು ಸಾಧ್ಯವಾದದ್ದು ನನ್ನ ವೃತ್ತಿಜೀವನದಲ್ಲಿ ನನಗೆ ಸಂತೋಷ ಕೊಟ್ಟ ಗಳಿಗೆಗಳಲ್ಲಿ ಒಂದು.

ಸಾರಾಂಶ ಬರೆಯುವುದು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿದಿದೆ. ಓ ಲೆವೆಲ್‌ನಲ್ಲಿ 80 ಪದಗಳನ್ನು ಮೀರದಂತೆ, ಸಾಧ್ಯವಾದಷ್ಟು ಸ್ವಂತ ಮಾತಿನಲ್ಲಿ ಬರೆಯಬೇಕು. ಅದಕ್ಕೆ 15 ಅಂಕ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಅದಿರುವ ಸಾಲನ್ನು ಗುರುತಿಸುವ ಅಭ್ಯಾಸ ಆಯ್ಕೆಯ ಪ್ರಶ್ನೆಗಳಿಗೆ ಒದಗುತ್ತದೆ, ಇಲ್ಲಿ ಒದಗುವುದಿಲ್ಲ. ಅದಕ್ಕಾಗಿ ಗದ್ಯವನ್ನು ಮುಚ್ಚಿಟ್ಟು, ಓದಿದ್ದನ್ನು ಮೊದಲು ಚೀನೀ ಭಾಷೆಯಲ್ಲಿ ಗೆಳೆಯರಿಗೆ ಹೇಳಿ, ಆಮೇಲೆ ತಮಗೆ ಗೊತ್ತಿರುವ ಸರಳ ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುತ್ತೇನೆ. ಬರವಣಿಗೆ ಮೊದಮೊದಲು ತೀರಾ ಸಣ್ಣದಾಗಿರುತ್ತದೆ, ಆದರೆ ಅದು ಅವರದೇ ಆಗಿರುತ್ತದೆ.

ಇನ್ನು ಇಂಗ್ಲಿಷಿನ 'ಎ' ಮತ್ತು 'ದ'. ಕನ್ನಡಕ್ಕೂ ಚೀನೀ ಭಾಷೆಗೂ ಇಂಥ ಪದಗಳಿಲ್ಲ, ನಾನೂ ಇವನ್ನು ಬಹಳ ತಡವಾಗಿ ಕಲಿತವಳು. ಕಳೆದ ತಿಂಗಳು ಇದನ್ನು ವಿವರಿಸಲು ನಾನು ತಡವರಿಸುತ್ತಿದ್ದಾಗ ಹುಡುಗನೊಬ್ಬ 'ಲಾವ್‌ಷಿ (ಟೀಚರ್), ನಾನು ಹೇಳಲೇ?' ಎಂದು ಎದ್ದು ಬಂದ. ಹಲಗೆಯ ಮೇಲೆ 'ಕರನ್ ಲಾಯ್ ಲ' ಎಂದೂ 'ಲಾಯ್ ಕರನ್ ಲ' ಎಂದೂ ಎರಡು ವಾಕ್ಯಗಳನ್ನು ಚೀನೀ ಲಿಪಿಯಲ್ಲಿ ಬರೆದ. ಎರಡರಲ್ಲೂ ಅತಿಥಿ ಬಂದದ್ದೇ ಸುದ್ದಿ. ಆದರೆ ವಾಕ್ಯದಲ್ಲಿ ಅತಿಥಿ ಎಂಬರ್ಥದ 'ಕರನ್' ಮೊದಲು ಬಂದರೆ ನಾವು ಕಾಯುತ್ತಿದ್ದ ಅತಿಥಿ, ಕ್ರಿಯಾಪದದ ನಂತರ ಬಂದರೆ ಯಾರೋ ಅತಿಥಿ. ಮೊದಲನೆಯದರ ಪಕ್ಕದಲ್ಲಿ 'ದ' ಎಂದೂ ಎರಡನೆಯದರ ಪಕ್ಕದಲ್ಲಿ 'ಎ' ಎಂದೂ ಇಂಗ್ಲಿಷಿನಲ್ಲಿ ಬರೆದು ಅವನು ತನ್ನ ಜಾಗಕ್ಕೆ ಹೋಗಿ ಕುಳಿತ. ಆ ಎರಡು ಸಾಲುಗಳನ್ನು ನಾನು ನನ್ನ ಪಾಠದ ಟಿಪ್ಪಣಿಯಲ್ಲಿ ಬರೆದುಕೊಂಡೆ.