ಗೋಡೆ ಮೇಲೆ ಕೂತ ಮಗು

28 ಮೇ 2025, ಬುಧವಾರ
ಮೈಸೂರು

ನಾಳೆಯಿಂದ ಸ್ಕೂಲು. ಅಕ್ಕನ ಮಗ ಬೆಳಿಗ್ಗೆ ಎದ್ದವನೇ ಒಂದೇ ಹಟ, ಝೂಗೆ ಹೋಗಲೇಬೇಕು ಅಂತ. ರಜೆ ಶುರುವಾದಾಗಿನಿಂದ ಕರ್ಕೊಂಡು ಹೋಗ್ತೀನಿ ಅಂತ ಹೇಳ್ತಾನೇ ಬಂದಿದ್ದೆ. ನಿನ್ನೆ ಮಂಗಳವಾರ, ಝೂಗೇ ರಜೆ. ಇವತ್ತು ಬಿಟ್ಟರೆ ಇನ್ನು ದಸರಾಕ್ಕೇ. ಈ ಸಲ ಮಳೆ ಬೇರೆ ಬೇಗ ಬಂದುಬಿಟ್ಟಿದೆ. ಎರಡು ಕೊಡೆ ಹಿಡಿದುಕೊಂಡು ಎಂಟೂವರೆಗೆಲ್ಲ ಗೇಟಿನ ಹತ್ತಿರ ಇದ್ದೆವು.

ಮಳೆಯಿಂದಾಗಿ ಜನ ಕಮ್ಮಿ. ಮರಗಳೆಲ್ಲ ತೊಳೆದಿಟ್ಟ ಹಾಗಿದ್ದವು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಶುರು ಮಾಡಿದ ಜಾಗ ಇದು. ನಮ್ಮಜ್ಜಿಯೂ ಇಲ್ಲಿಗೇ ಬಂದಿದ್ದರು, ನಮ್ಮಮ್ಮನೂ ಇಲ್ಲಿಗೇ ಬಂದಿದ್ದರು. ನಾನು ಬಂದಾಗ ಪೋಲೊ ಅನ್ನೋ ಗೊರಿಲ್ಲಾ ಇತ್ತು. ಒಂಟಿಯಾಗಿ ಕೂತಿರುತ್ತಿತ್ತು. 2014ರಲ್ಲಿ ಸತ್ತುಹೋಯಿತು. ಈಗಿರೋದು ಥಾಬೊ ಮತ್ತು ಡೆಂಬಾ. 2021ರಲ್ಲಿ ಜರ್ಮನಿಯಿಂದ ವಿಮಾನದಲ್ಲಿ ಬಂದವು.

ಪುಟ್ಟ ಅವುಗಳ ಮುಂದೆ ನಿಂತು ನಗುತ್ತಾ, "ಚಿಕ್ಕಮ್ಮ, ಹರಾಂಬೆ!" ಅಂದ.

ಎದೆ ಧಸಕ್ಕೆಂದಿತು. ನಿನಗೆ ಹೇಗೋ ಗೊತ್ತು ಆ ಹೆಸರು ಅಂದೆ. ಮೊಬೈಲಲ್ಲಿ ಬರುತ್ತಲ್ಲ, ತಮಾಷೆ ಫೋಟೊ ಅಂದ. ಅವನಿಗೆ ಅದು ಬರೀ ತಮಾಷೆ ಫೋಟೊ. ಅವನದೇನೂ ತಪ್ಪಿಲ್ಲ, ಅದು ನಡೆದಾಗ ಅವನಿಗೆ ಮೂರು ವರ್ಷ. ಆಮೇಲೆ ಟಿಕೆಟ್ ಮೇಲಿದ್ದ ತಾರೀಖು ನೋಡಿದೆ. ಮೇ 28. ಸರಿಯಾಗಿ ಒಂಬತ್ತು ವರ್ಷ.

ಅಲ್ಲೇ ಕಲ್ಲುಬೆಂಚಿನ ಮೇಲೆ ಕರ್ಚೀಫಿಂದ ನೀರು ಒರೆಸಿ ಕೂತು ಕತೆ ಹೇಳಿದೆ. ಅಮೆರಿಕದ ಸಿನ್ಸಿನಾಟಿ ಝೂ. ಹರಾಂಬೆಗೆ 17 ತುಂಬಿ ಒಂದೇ ದಿನ ಆಗಿತ್ತು. ಸುಮಾರು 200 ಕೆಜಿ ತೂಕದ ಗಂಡು ಗೊರಿಲ್ಲಾ. ಮೂರು ವರ್ಷದ ಒಂದು ಹುಡುಗ ಮೂರಡಿ ಕಂಬಿ ದಾಟಿ, ಪೊದೆಯೊಳಗೆ ನುಸುಳಿ, 15 ಅಡಿ ಕೆಳಗೆ ಕಂದಕದ ನೀರಿಗೆ ಬಿದ್ದ. ಅಲ್ಲಿದ್ದ ಎರಡು ಹೆಣ್ಣು ಗೊರಿಲ್ಲಾಗಳನ್ನು ಸಿಬ್ಬಂದಿ ಕರೆದರು, ಅವು ಒಳಗೆ ಹೋದವು. ಹರಾಂಬೆ ಹೋಗಲಿಲ್ಲ. ಹುಡುಗನ ಹತ್ತಿರ ಬಂತು. ಒಂದು ಗಳಿಗೆ ಎತ್ತಿ ನಿಲ್ಲಿಸಿದ ಹಾಗೆ ಕಾಣುತ್ತೆ, ಇನ್ನೊಂದು ಗಳಿಗೆ ಕಾಲು ಹಿಡಿದು ನೀರಲ್ಲಿ ದರದರ ಎಳೆಯುತ್ತೆ. ಮೇಲಿಂದ ಜನರ ಕಿರುಚಾಟ. ಸುಮಾರು ಹತ್ತು ನಿಮಿಷ ಹೀಗೇ. ಕೊನೆಗೆ ಝೂನವರೇ ಗುಂಡು ಹೊಡೆದರು. ಹುಡುಗ ಬದುಕಿದ.

"ಮತ್ತೆ ಇಂಜೆಕ್ಷನ್ ಹೊಡೀಬಹುದಿತ್ತಲ್ಲ?" ಪುಟ್ಟ ಕೇಳಿದ.

ಎಲ್ಲರೂ ಕೇಳೋದು ಅದನ್ನೇ. ಸಿನಿಮಾದಲ್ಲಿ ತೋರಿಸುವ ಹಾಗೆ ಅರಿವಳಿಕೆ ಮದ್ದು ಚುಚ್ಚಿದ ತಕ್ಷಣ ಪ್ರಾಣಿ ಬಿದ್ದುಬಿಡೋದಿಲ್ಲ. ಮದ್ದು ಏರೋದಕ್ಕೆ ನಿಮಿಷಗಳೇ ಬೇಕು. ಅಷ್ಟರಲ್ಲಿ ಸೂಜಿ ಚುಚ್ಚಿದ ನೋವಿಗೆ, ಗಾಬರಿಗೆ ಅದು ಏನು ಮಾಡುತ್ತೋ ಯಾರಿಗೆ ಗೊತ್ತು. ಮಗು ಅದರ ಕಾಲ ಬುಡದಲ್ಲಿತ್ತು.

ಆ ವರ್ಷ ನಾನು ಪೂರ್ತಿ ಗೊರಿಲ್ಲಾ ಪರ ಇದ್ದೆ. ಸಿಕ್ಕಸಿಕ್ಕವರ ಹತ್ತಿರ ವಾದ ಮಾಡಿದ್ದೆ. ಆ ತಾಯಿಗೆ ಬುದ್ಧಿ ಬೇಡವಾ ಅಂತ ನಾನೂ ಬೈದಿದ್ದೆ. ಲೋಕವೆಲ್ಲ ಬೈಯುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ಪುಟ್ಟನಿಗೆ ಅನ್ನ ಕಲಸುತ್ತಾ ನನ್ನ ಮಾತು ಕೇಳಿಸಿಕೊಂಡವಳು, ತಲೆ ಎತ್ತದೇ, "ಇವನಾಗಿದ್ದಿದ್ರೆ?" ಅಂದಳು. ಅಷ್ಟೇ. ಅವನು ಆಗ ತಾನೇ ಸ್ಟೂಲ್ ಹತ್ತಿ ಫ್ರಿಡ್ಜ್ ಮೇಲಿನ ಬಿಸ್ಕತ್ ಡಬ್ಬಿಗೆ ಕೈ ಹಾಕಿದ್ದ. ಮನೆಯಲ್ಲಿ ನಾವು ಮೂರು ಜನ ದೊಡ್ಡವರಿದ್ದೆವು, ಒಬ್ಬರೂ ನೋಡಿರಲಿಲ್ಲ. ಆಮೇಲೆ ಆ ತಾಯಿಯ ಬಗ್ಗೆ ನಾನು ಒಂದು ಮಾತೂ ಆಡಿಲ್ಲ.

ಆ ಹತ್ತು ನಿಮಿಷದ ಮಟ್ಟಿಗೆ ಗುಂಡು ಹೊಡೆದಿದ್ದು ಸರಿ ಅಂತಲೇ ಈಗ ನನಗನಿಸೋದು. ಆದರೆ "ಬೇರೆ ದಾರಿ ಇರಲಿಲ್ಲ" ಅಂತಾರಲ್ಲ, ಆ ಮಾತನ್ನು ಮಾತ್ರ ಒಪ್ಪಲಾರೆ. ಘಟನೆ ಆದ ಮೇಲೆ ಆ ಝೂ ಏನು ಮಾಡಿತು? ಕಂಬಿಯನ್ನು ಮೂರೂವರೆ ಅಡಿಗೆ ಏರಿಸಿತು. ನುಸುಳದ ಹಾಗೆ ಹಗ್ಗದ ಬಲೆ ಕಟ್ಟಿತು. ಜೂನ್ 7ಕ್ಕೆ ಮತ್ತೆ ಬಾಗಿಲು ತೆರೆಯಿತು. ಹತ್ತು ದಿನದ ಕೆಲಸ. 1978ರಿಂದ 38 ವರ್ಷ ಯಾರೂ ಒಳಗೆ ಬಿದ್ದಿರಲಿಲ್ಲ, ಅದಕ್ಕೇ ಯಾರಿಗೂ ಅದು ಹೊಳೆದಿರಲಿಲ್ಲ. ಅರ್ಧ ಅಡಿ ಕಂಬಿ, ಒಂದು ಬಲೆ. ಅದಿಲ್ಲದ್ದಕ್ಕೆ ಪ್ರಾಣ ಕೊಟ್ಟಿದ್ದು ಏನೂ ತಪ್ಪು ಮಾಡದ ಪ್ರಾಣಿ.

ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಹೀಗೇ ಆಯಿತು. 2007ರ ಕ್ರಿಸ್‌ಮಸ್ ದಿನ ಟಟಿಯಾನಾ ಅನ್ನೋ ಹುಲಿ ಆವರಣದಿಂದ ಹೊರಗೆ ಬಂದು 17 ವರ್ಷದ ಹುಡುಗನನ್ನು ಕೊಂದಿತು. ಪೊಲೀಸರು ಹುಲಿಯನ್ನು ಗುಂಡಿಟ್ಟು ಕೊಂದರು. ಆಮೇಲೆ ಗೋಡೆ ಅಳೆದರೆ ಹನ್ನೆರಡೂವರೆ ಅಡಿ. ಇರಬೇಕಾಗಿದ್ದು ಹದಿನಾರು ಅಡಿಗಿಂತ ಜಾಸ್ತಿ. ಹುಲಿ ಅಲ್ಲಿ ಬದುಕಿದ್ದಷ್ಟು ದಿನ ಟೇಪು ಹಿಡಿಯೋರು ಯಾರೂ ಇರಲಿಲ್ಲವಾ?

ಇಷ್ಟೆಲ್ಲ ಹೇಳಿ ಮುಂದೆ ಹೊರಟೆವು. ನೀರಾನೆ ಹತ್ತಿರ ಬಂದಾಗ ಒಬ್ಬರು ತಮ್ಮ ಮಗುವನ್ನು ತಡೆಗೋಡೆ ಮೇಲೆ ಕೂರಿಸಿದ್ದರು. ಎರಡು, ಎರಡೂವರೆ ವರ್ಷ ಇರಬಹುದು. ಹಳದಿ ರೇನ್‌ಕೋಟು, ಕಾಲಲ್ಲಿ ಕುಂಯ್ ಕುಂಯ್ ಅನ್ನೋ ಚಪ್ಪಲಿ. ಗೋಡೆ ಮಳೆಗೆ ನೆನೆದು ಹೊಳೆಯುತ್ತಿತ್ತು. ಅಪ್ಪ ಒಂದು ಕೈಯಲ್ಲಿ ರೇನ್‌ಕೋಟಿನ ಬೆನ್ನು ಹಿಡಿದಿದ್ದರು, ಇನ್ನೊಂದು ಕೈ ಉದ್ದ ಚಾಚಿ ಸೆಲ್ಫಿಗೆ ಮೊಬೈಲ್ ಸರಿ ಮಾಡುತ್ತಿದ್ದರು. ರೇನ್‌ಕೋಟಿನ ಗುಂಡಿ ಎರಡು ಬಿಚ್ಚಿದ್ದವು. ನನಗೆ ಕಂಡಿದ್ದು ಅದೊಂದೇ. ಮಗು ಮುಂದಕ್ಕೆ ವಾಲಿದರೆ ಕೈಯಲ್ಲಿ ಉಳಿಯೋದು ಬರೀ ರೇನ್‌ಕೋಟು.

"ಸಾರ್, ಮಗು ಇಳಿಸಿ" ಅಂದೆ.

"ಏನೂ ಆಗಲ್ಲ ಮೇಡಂ, ಹಿಡ್ಕೊಂಡಿದ್ದೀನಲ್ಲ. ಅದು ಹುಲ್ಲು ತಿನ್ನೋ ಪ್ರಾಣಿ."

ಅಷ್ಟರಲ್ಲಿ ಕಾವಲಿನವರು ಸೀಟಿ ಊದುತ್ತಾ ಓಡಿ ಬಂದರು. ಆ ಅಪ್ಪ ಮಗುವನ್ನು ಇಳಿಸಿದರು. ಇಳಿಸುತ್ತಾ ನನ್ನನ್ನು ಒಂಥರಾ ನೋಡಿದರು. ನೋಡಲಿ ಬಿಡಿ.

ಹುಲಿ ಮುಂದೆ ಆಗಿದ್ದರೆ ಅವರು ಖಂಡಿತ ಹಾಗೆ ಕೂರಿಸುತ್ತಿರಲಿಲ್ಲ. ನೀರಾನೆ ನೋಡೋಕೆ ನೀರಲ್ಲಿ ಬಿದ್ದ ಬಂಡೆ ಥರ, ಸೋಮಾರಿ ಥರ. ಬಾಯಿ ತೆರೆದಾಗ ಮಾತ್ರ ಆ ಗೇಣುದ್ದದ ಕೋರೆಹಲ್ಲು ಕಾಣೋದು. ಆಫ್ರಿಕಾದಲ್ಲಿ ಜನರನ್ನು ಜಾಸ್ತಿ ಕೊಲ್ಲುವ ದೊಡ್ಡ ಪ್ರಾಣಿಗಳಲ್ಲಿ ಇದೂ ಒಂದು. ತಿನ್ನೋದಕ್ಕಲ್ಲ, ತನ್ನ ಜಾಗಕ್ಕೆ ಬಂದರು ಅಂತ. ನಮ್ಮ ಮನಸ್ಸಲ್ಲಿ ಮಾಂಸ ತಿನ್ನೋದು ಕೆಟ್ಟದು, ಹುಲ್ಲು ತಿನ್ನೋದು ಪಾಪದ್ದು ಅಂತ ಒಂದು ಲೆಕ್ಕ ಇದೆ. ಪ್ರಾಣಿಗಳಿಗೆ ಆ ಲೆಕ್ಕ ಗೊತ್ತಿಲ್ಲ.

ನಮ್ಮ ವನ್ಯಜೀವಿ ಕಾಯ್ದೆಯಲ್ಲಿ 38ಜೆ ಅಂತ ಒಂದು ಸೆಕ್ಷನ್ ಇದೆ. ಝೂನಲ್ಲಿ ಪ್ರಾಣಿಗಳನ್ನು ಕೆಣಕಬಾರದು, ಗಾಯ ಮಾಡಬಾರದು, ತಿಂಡಿ ಹಾಕಬಾರದು, ಗಲಾಟೆ ಮಾಡಿ ತೊಂದರೆ ಕೊಡಬಾರದು ಅಂತ. ಮಗುವನ್ನು ಗೋಡೆ ಮೇಲೆ ಕೂರಿಸಬೇಡಿ ಅಂತ ಅದರಲ್ಲಿಲ್ಲ. ನನ್ನ ಕೇಳಿದರೆ ಅದೂ ಪ್ರಾಣಿಗೆ ಮಾಡುವ ಹಿಂಸೆಯೇ. ಮಗು ಬಿದ್ದರೆ ಕೋವಿ ತಿರುಗೋದು ಪ್ರಾಣಿಯ ಕಡೆಗೆ ತಾನೇ.

ದೆಹಲಿಯಲ್ಲಿ ಕೋವಿ ತಿರುಗಲಿಲ್ಲ. 2014ರ ಸೆಪ್ಟೆಂಬರ್ 23. ವಿಜಯ್ ಅನ್ನೋ ಬಿಳಿ ಹುಲಿಯ ಕಂದಕದಲ್ಲಿ ಒಬ್ಬ ಯುವಕ. ಆ ವಿಡಿಯೋವನ್ನು ನಾನು ಒಂದೇ ಸಲ ನೋಡಿದ್ದು, ಇನ್ನೊಂದು ಸಲ ನೋಡಲಾರೆ. ಗೋಡೆಗೆ ಒತ್ತಿ ಕೂತು ಅವನು ಹುಲಿಗೆ ಕೈ ಮುಗಿಯುತ್ತಿದ್ದಾನೆ. ಹುಲಿ ಎದುರಿಗೆ ನಿಂತು ಸುಮ್ನೆ ನೋಡುತ್ತಿದೆ. ಮೇಲಿಂದ ಜನ ಕೂಗಿದರು, ಕಲ್ಲು ಎಸೆದರು. ಕಾಪಾಡೋಣ ಅಂತಲೇ ಎಸೆದಿದ್ದು. ಹುಲಿ ಕುತ್ತಿಗೆ ಹಿಡಿದು ಎಳೆದುಕೊಂಡು ಹೋಯಿತು. ಅವನು ಸತ್ತ, ವಿಜಯ್ ಉಳಿಯಿತು. ಹುಲಿಯನ್ನು ಕೊಲ್ಲದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ಅನಿಸುತ್ತೆ. ಹಾಗೆ ಅನಿಸಿದ ತಕ್ಷಣ ಆ ಮುಗಿದ ಕೈಗಳು ನೆನಪಾಗುತ್ತವೆ. ಎರಡನ್ನೂ ಒಟ್ಟಿಗೆ ಮನಸ್ಸಲ್ಲಿ ಇಟ್ಟುಕೊಳ್ಳೋಕೆ ನನಗೆ ಇವತ್ತಿಗೂ ಆಗಿಲ್ಲ.

ಇದಕ್ಕೆ ಎದುರಾಗಿ ಜಾಂಬೊ ಕತೆ ಹೇಳುವವರಿದ್ದಾರೆ. 1986ರಲ್ಲಿ ಜರ್ಸಿ ದ್ವೀಪದ ಝೂನಲ್ಲಿ ಐದು ವರ್ಷದ ಹುಡುಗ ಬಿದ್ದಾಗ ಜಾಂಬೊ ಅನ್ನೋ ಗೊರಿಲ್ಲಾ ಅವನ ಪಕ್ಕ ಕಾವಲು ನಿಂತು ಬೆನ್ನು ಸವರಿತು. ನಿಜವೇ. ಆದರೆ ಆ ಹುಡುಗನಿಗೆ ಪ್ರಜ್ಞೆ ತಪ್ಪಿತ್ತು, ಅಲುಗಾಡದೇ ಬಿದ್ದಿದ್ದ. ಜಾಂಬೊ ಒಳ್ಳೆಯದು, ಹರಾಂಬೆ ಕೆಟ್ಟದು ಅಂತ ಅಳೆಯೋದಕ್ಕೆ ನಮಗೆ ಯಾವ ಹಕ್ಕೂ ಇಲ್ಲ. ಎರಡೂ ತಮಗೆ ತೋಚಿದ್ದು ಮಾಡಿದವು.

ನಾನು ಝೂ ಮುಚ್ಚಿಬಿಡಿ ಅನ್ನೋಳಲ್ಲ. ಅಲ್ಲಿ ದುಡಿಯೋರನ್ನು ಹತ್ತಿರದಿಂದ ನೋಡಿದ್ದೀನಿ. ನಮ್ಮ ಎದುರುಮನೆ ತಾತ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ರಿಟೈರ್ ಆದವರು. ಸಂಜೆ ಪುಟ್ಟ ಅವರನ್ನೇ ಹೋಗಿ ಕೇಳಿದ, ನಿಮಗೆ ಭಯ ಆಗ್ತಿರಲಿಲ್ವಾ ತಾತ ಅಂತ. "ಭಯ ಹೋದ ದಿನ ರಜಾ ಹಾಕಬೇಕು ಕಣಪ್ಪ" ಅಂದರು. ಆಮೇಲೆ ವರಾಂಡದ ಬಾಗಿಲು, ಗೇಟು ಎರಡನ್ನೂ ಬಳಸಿ ಮಾಡಿ ತೋರಿಸಿದರು. ಮೊದಲು ಎಣಿಸೋದು. ಬೋನಿನಲ್ಲಿ ಎಷ್ಟು, ಹೊರಗೆ ಎಷ್ಟು, ಬಾಯಿ ಬಿಟ್ಟು ಜೋರಾಗಿ ಹೇಳಬೇಕು. ಒಂದು ಬಾಗಿಲು ಹಾಕಿ, ಬೀಗ ಹಾಕಿ, ಎಳೆದು ನೋಡಬೇಕು. ಆಮೇಲೆ ಎರಡನೇದು. ಎರಡೂ ಒಟ್ಟಿಗೆ ತೆರೆದಿರಬಾರದು. ಇವತ್ತಿಗೂ ರಾತ್ರಿ ಅವರು ಮನೆ ಗೇಟಿನ ಬೀಗವನ್ನು ಎರಡು ಸಲ ಎಳೆದು ನೋಡೋದು ನನಗೆ ಕಿಟಕಿಯಿಂದ ಕಾಣುತ್ತೆ.

ಬನ್ನೇರುಘಟ್ಟದ ಸುದ್ದಿಯನ್ನು ಅವರೇ ಎತ್ತಿದರು. 2017ರ ಅಕ್ಟೋಬರ್‌ನಲ್ಲಿ ಬೆಳೆದ ಬಿಳಿ ಹುಲಿ ಮರಿಗಳು ಅಲ್ಲಿನ ಪಾಲಕರೊಬ್ಬರ ಮೇಲೆ ಬಿದ್ದು ಕೊಂದವು. "ಅವನ ಮುಖ ಒಂದಿನವೂ ನೋಡಿರಲಿಲ್ಲ ನಾನು. ಆದ್ರೂ ಮನೇಲಿ ಸತ್ತ ಹಾಗೆ ಆಯ್ತು" ಅಂದರು. ಪ್ರವಾಸಿ ಬಿದ್ದರೆ ಜಗತ್ತೇ ಮಾತಾಡುತ್ತೆ. ದಿನಾ ಬೆಳಿಗ್ಗೆ ಪೊರಕೆ ಹಿಡಿದು ಒಳಗೆ ಹೋಗೋರ ಬಗ್ಗೆ ಯಾರು ಮಾತಾಡ್ತಾರೆ? ಸುರಕ್ಷತೆ ಅಂದರೆ ಮೊದಲು ಅವರದ್ದು ಅಲ್ವಾ.

ಆರೂವರೆಗೆ ಪುಟ್ಟನನ್ನು ಮಂಡ್ಯ ಬಸ್ ಹತ್ತಿಸಿದೆ. ಭಾವ ಸ್ಟ್ಯಾಂಡಿಗೆ ಬಂದು ಕರ್ಕೊಂಡು ಹೋದರು. ಒಂಬತ್ತು ಗಂಟೆಗೆ ಫೋನ್ ಬಂತು.

"ಚಿಕ್ಕಮ್ಮ, ಆ ಬಿದ್ದ ಹುಡುಗ ಈಗ ನನ್ನಷ್ಟೇ ಆಗಿರ್ತಾನೆ ಅಲ್ವಾ?"

"ಹೌದು ಕಣೋ, ನಿನ್ನಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವನ ಸ್ಕೂಲಲ್ಲಿ ಆ ತಮಾಷೆ ಫೋಟೊ ತೋರಿಸಿ ರೇಗಿಸ್ತಾರಾ?"

ಏನು ಹೇಳಬೇಕೋ ತಿಳಿಯಲಿಲ್ಲ. ರೇಗಿಸಬಾರದು ಪುಟ್ಟ ಅಂದೆ. ಹೂಂ ಅಂದ. ನನ್ನ ಫೋನಲ್ಲಿದ್ದಿದ್ದು ಡಿಲೀಟ್ ಮಾಡಿದೆ ಅಂದ. ಬ್ಯಾಗ್ ಜೋಡಿಸಿಕೊಂಡೆಯಾ, ನಾಳೆ ಸ್ಕೂಲಿದೆ ಅಂತ ಹೇಳಿ ಫೋನ್ ಇಟ್ಟೆ.