ದಿನಾಂಕ ಎಂದು ಬರೆದರೂ ಸುಳ್ಳಲ್ಲ ತಾನೇ?

"ಎಂದೂ ಮರಳದ ಫಂಕ್ಷನ್ನಿಗೆ ನ್ಯೂಮರಿಕ್ ಎಂದು ಬರೆಯುವುದು ಸುಳ್ಳಲ್ಲವೇ ಮೇಡಂ?"

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಮಂಗಳವಾರ ಕೇಳಿದ ಈ ಮಾತು ಇನ್ನೂ ತಲೆ ಕೊರೆಯುತ್ತಿದೆ. ಫಂಕ್ಷನ್ ಎಂದರೆ ಒಂದು ಕೆಲಸ ಮಾಡಿ ಉತ್ತರ ಮರಳಿಸುವ ಕೋಡಿನ ತುಣುಕು, ನ್ಯೂಮರಿಕ್ ಎಂದರೆ ಆ ಉತ್ತರ ಸಂಖ್ಯೆ ಎಂದು. ಬಿಲ್ಲುಗಳ ವರದಿಗೆ ಅವಳು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಕ್ವೆರಿ, ಅಂದರೆ ಮಾಹಿತಿ ಕೇಳುವ ಆಜ್ಞೆ, ಬರೆದಿದ್ದಳು. ಅದರಲ್ಲಿ ಸರಕಿನ ವರ್ಗ ನೋಡಿ ತೆರಿಗೆ ದರ ಕೊಡುವ, 'ಕೇಸ್' ಎಂಬ ಕವಲೊಡೆಯುವ ವಾಕ್ಯ. ಯಾವ ವರ್ಗಕ್ಕೂ ಸೇರದ ಸಾಲು ಸಿಕ್ಕರೆ ಕೊನೆಯ ಕವಲಾದ ಎಲ್ಸ್‌ನಲ್ಲಿ ಎಕ್ಸೆಪ್ಶನ್ ಎಸೆಯುವ, ಅಂದರೆ ಎರರ್ ಕೊಟ್ಟು ಕ್ವೆರಿಯನ್ನೇ ನಿಲ್ಲಿಸುವ ಪುಟ್ಟ ಫಂಕ್ಷನ್. ಏನನ್ನೂ ಕೊಡುವುದಿಲ್ಲವಲ್ಲ ಎಂದು ಅದರ ರಿಟರ್ನ್ ಟೈಪನ್ನು, ಅಂದರೆ ಮರಳಿಸುವ ಉತ್ತರದ ಬಗೆಯನ್ನು, ವಾಯ್ಡ್ (ಖಾಲಿ) ಮಾಡಿದ್ದಳು. ಒಂದು ಕವಲು ನ್ಯೂಮರಿಕ್, ಇನ್ನೊಂದು ವಾಯ್ಡ್, ಹೊಂದುವುದಿಲ್ಲ ಎಂದು ಡೇಟಾಬೇಸ್ ತಿರಸ್ಕರಿಸಿತು. ವಾಯ್ಡ್ ಎಂದರೆ ಸಂತೆಗೆ ಹೋಗಿ ಬರಿಗೈಯಲ್ಲಿ ಬಂದವನು. ಇಲ್ಲಿರುವವನು ಮನೆಗೆ ಬರುವುದೇ ಇಲ್ಲ. ಇಂಥವನಿಗೆಂದೇ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ 'ನೆವರ್', ಕಾಟ್ಲಿನ್ ಭಾಷೆಯಲ್ಲಿ 'ನಥಿಂಗ್' ಎಂಬ ಟೈಪುಗಳಿವೆ. ಯಾವ ಟೈಪ್ ಬೇಕಾದ ಕಡೆಯೂ ಸಲ್ಲುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಅಂಥದ್ದಿಲ್ಲ.

"ಇಷ್ಟಕ್ಕೆ ಯಾಕಮ್ಮ ತಲೆಬಿಸಿ? ನಲ್ ಕೊಟ್ಟುಬಿಡು" ಎಂದರು ತಂಡದ ಮುಖ್ಯಸ್ಥರು. ಒಳ್ಳೆಯ ಮನುಷ್ಯರೇ, ಆದರೆ ಎರರ್ ಕಂಡರೆ ಅವರಿಗೆ ಮೈ ಉರಿಯುತ್ತದೆ. ನಲ್ ಎಂದರೆ ಬೆಲೆಯೇ ಇಲ್ಲದ ಖಾಲಿ ಜಾಗ. ಅದನ್ನು ಕೊಟ್ಟರೆ ಮೊತ್ತ ಕೂಡುವ ಸಮ್ ಫಂಕ್ಷನ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ತೆರಿಗೆಯ ಮೊತ್ತ ಕಡಿಮೆ ಬರುತ್ತದೆ, ವರದಿ ಮಾತ್ರ ಲಕ್ಷಣವಾಗಿ ಕಾಣುತ್ತದೆ. ಅಂಥ ವರದಿಗಿಂತ ಬಿದ್ದ ಕ್ವೆರಿ ಎಷ್ಟೋ ಮೇಲು.

ನ್ಯೂಮರಿಕ್ ಎಂದೇ ಬರೆ, ಒಳಗೆ ಎರರ್ ಎಬ್ಬಿಸುವ 'ರೇಸ್ ಎಕ್ಸೆಪ್ಶನ್' ಸಾಲು ಮಾತ್ರ ಇರಲಿ, ರಿಟರ್ನ್ ಇಲ್ಲದಿದ್ದರೂ ನಡೆಯುತ್ತದೆ ಎಂದೆ. ಆಗ ಬಂದದ್ದು ಆ ಪ್ರಶ್ನೆ. "ಸುಳ್ಳಲ್ಲ. ಮರಳಿದರೆ ನ್ಯೂಮರಿಕ್ ತರುತ್ತೇನೆ ಎಂಬ ಮಾತು ಅದು. ಮರಳುವುದೇ ಇಲ್ಲವಾದರೆ ಮಾತು ತಪ್ಪುವುದೆಲ್ಲಿ?" ಎಂದೆ.

ಕ್ಷಣ ಸುಮ್ಮನಿದ್ದು ಕೇಳಿದಳು: "ಹಾಗಾದರೆ ದಿನಾಂಕ ಎಂದು ಬರೆದರೂ ಸುಳ್ಳಲ್ಲ ತಾನೇ?"

ಅಲ್ಲವೇ ಅಲ್ಲ! ಯಾವ ಟೈಪ್ ಬರೆದರೂ ನಿಜವೇ. ಹಾಗಿದ್ದ ಮೇಲೆ ಪ್ರತಿ ಟೈಪಿಗೂ ಒಂದೊಂದು ಫಂಕ್ಷನ್ ಬರೆಯುವ ಕರ್ಮವೇಕೆ? ಎನಿಎಲಿಮೆಂಟ್ (ಯಾವ ಟೈಪಾದರೂ ಸರಿ) ಎಂದು ಘೋಷಿಸಿ, ಬೇಕಾದ ಟೈಪಿನ ನಲ್ ಒಂದನ್ನು ಆರ್ಗ್ಯುಮೆಂಟ್ (ಇನ್‌ಪುಟ್) ಆಗಿ ಕಳಿಸುವ ಉಪಾಯ ತೋರಿಸಿದೆ. ಆ ನಲ್‌ನ ಬೆಲೆಯನ್ನು ಯಾರೂ ಓದುವುದಿಲ್ಲ, ಟೈಪನ್ನಷ್ಟೇ ನೋಡುತ್ತಾರೆ. ಅವಳು ಮುಖ ಸಿಂಡರಿಸಿದಳು. ನನಗೂ ಅದು ಹಿಡಿಸಿದ್ದಲ್ಲ. ಗೂಗಲ್‌ನ ಡೇಟಾಬೇಸ್ ಬಿಗ್‌ಕ್ವೆರಿಯ ಎರರ್ ಫಂಕ್ಷನ್ ಸಂದರ್ಭ ನೋಡಿ ತಾನೇ ಟೈಪ್ ತಾಳುತ್ತದೆ. ಎಕ್ಸ್‌ಎಂಎಲ್ ದತ್ತಾಂಶದಲ್ಲಿ ಹುಡುಕುವ 2007ರ ಎಕ್ಸ್‌ಕ್ವೆರಿ ಭಾಷೆಯಂತೂ ತನ್ನ ಎರರ್ ಫಂಕ್ಷನ್ನಿಗೆ 'ನನ್' (none) ಎಂಬ ವಿಶೇಷ ಟೈಪ್ ಕೊಟ್ಟು, ಬಳಕೆದಾರರು ಬರೆಯುವ ಫಂಕ್ಷನ್ನುಗಳಿಗೆ ಅದು ಸಿಗದು ಎಂದು ಅಲ್ಲೇ ಬರೆದಿಟ್ಟಿತು. ಬೇಕೆಂದು ಗೊತ್ತಿತ್ತು, ಮಾಡಿಯೂ ಇತ್ತು, ಹಂಚಲು ಮಾತ್ರ ಮನಸ್ಸಿರಲಿಲ್ಲ. ಸೋಲೂ ಒಂದು ಉತ್ತರ ಎಂದು ಒಪ್ಪಲು ಈ ಭಾಷೆಗಳನ್ನು ಕಟ್ಟಿದವರಿಗೆ ಯಾಕಿಷ್ಟು ಸಂಕೋಚವೋ.

ಸಂಜೆ ಇನ್ನೊಂದು ಫಜೀತಿ. ಒಂದೇ ಇನ್‌ಪುಟ್ಟಿಗೆ ಸದಾ ಒಂದೇ ವರ್ತನೆ ಎಂದು ಅವಳು ಫಂಕ್ಷನ್ನಿಗೆ ಇಮ್ಯೂಟಬಲ್ (ಬದಲಾಗದ್ದು) ಎಂಬ ಗುರುತು ಹಚ್ಚಿದ್ದಳು. ಆರ್ಗ್ಯುಮೆಂಟುಗಳೆಲ್ಲ ಸ್ಥಿರವಾಗಿದ್ದರಿಂದ ಕ್ವೆರಿ ಓಡುವ ಮೊದಲು ಯೋಜನೆ ಹಾಕುವ ಪ್ಲಾನರ್ ಅದನ್ನು ಮೊದಲೇ ಕರೆದು ನೋಡಿತು. ಕೆಟ್ಟ ಸಾಲು ಒಂದೂ ಇಲ್ಲದ ಟೇಬಲ್ಲಿನ ಮೇಲೂ ಕ್ವೆರಿ ಕುಸಿಯಿತು. ತರ್ಕ ಅವಳದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಆದರೂ ಗುರುತನ್ನು ವೊಲಟೈಲ್ (ಬದಲಾಗಬಹುದಾದದ್ದು) ಎಂದು ಮಾಡಿದೆವು.

ಶುಕ್ರವಾರ ಮುಖ್ಯಸ್ಥರು ಕೋಡಿಗೆ ಒಪ್ಪಿಗೆ ಕೊಟ್ಟರು. ಎರರ್ ಸಂದೇಶದ ಭಾಷೆ ಸ್ವಲ್ಪ ಮೃದುವಾಗಿರಲಿ ಎಂದರಂತೆ.